ನೆರೆ ಬರುವ ಮುಂಚೆಯೇ ಉಸುಕಿನ ಫಿಲ್ಟರ್ ಕಟ್ಟಿಡಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಹತ್ತಿರ ಬಂತು ಅಂದರೆ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಲು ಶುರುವಾಗುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸುತ್ತಾರೆ. ಅದನ್ನು ತಲೆಕೆಳಗೆ ಹಿಡಿದು ಹತ್ತಿ, ಇದ್ದಿಲು, ಉಸುಕು, ಹರಳು ತುಂಬುತ್ತಾರೆ. ಮೇಲೆ ಕೆಸರು ನೀರು ಸುರಿದರೆ ಕೆಳಗೆ ತಿಳಿನೀರು ಬರುತ್ತದೆ. ಅದನ್ನೇ ಲೋಟಕ್ಕೆ ಹಿಡಿದು ಕುಡಿದೂ ತೋರಿಸುತ್ತಾರೆ. ನಿಮ್ಮ ಪತ್ರಿಕೆಯ ಮುನ್ನೆಚ್ಚರಿಕೆ ಪುಟದಲ್ಲೂ ಇಂಥದ್ದೇ ಒಂದು ಚಿತ್ರ ನೋಡಿದೆ. ನೆರೆಯಲ್ಲಿ ಸಿಕ್ಕಿಕೊಂಡವರು ಇದನ್ನು ನಂಬಿ ಕುಡಿದರೆ ಕಾಯಿಲೆ ಬೀಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗೌಂಡಿ. ರಾಮದುರ್ಗ ತಾಲ್ಲೂಕಿನಲ್ಲಿ ಮಲಪ್ರಭಾ ದಂಡೆಯ ಊರು ನಮ್ಮದು. ಉಸುಕು, ಖಡಿ, ಸಿಮೆಂಟು ನನಗೆ ದಿನನಿತ್ಯದ ಸಾಮಾನು. ಕಾಂಕ್ರೀಟಿನ ಪೆಟ್ಟಿಗೆಯಲ್ಲಿ ಉಸುಕು ತುಂಬಿ ನೀರು ಸೋಸುವ ಫಿಲ್ಟರ್ ಕಟ್ಟುವುದನ್ನು ಒಂದು ತರಬೇತಿಯಲ್ಲಿ ಕಲಿತೆ. ಮೊದಲು ನಮ್ಮ ಮನೆಗೆ ಕಟ್ಟಿದೆ, ಆಮೇಲೆ ಬೀಗರ ಮನೆಗೆ, ಓಣಿಯ ಕೆಲವು ಮನೆಗಳಿಗೆ. ಅವುಗಳನ್ನು ಈಗಲೂ ನೋಡಿಕೊಳ್ಳುತ್ತಿದ್ದೇನೆ.

2019ರ ಆಗಸ್ಟ್ ತಿಂಗಳನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಮೇಲೆ ಖಾನಾಪುರದ ಕಾಡಿನಲ್ಲಿ ಮಳೆ ಸುರಿಯಿತು, ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು. ಹೊಳೆ ರಾಮದುರ್ಗ, ಕೊಣ್ಣೂರು ದಾಟಿ ಪಟ್ಟದಕಲ್ಲಿನ ಗುಡಿಗಳ ಒಳಗೂ ಹೊಕ್ಕಿತು. ನಾವು ಎತ್ತರದ ಒಂದು ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದಲ್ಲಿದ್ದೆವು. ಕರೆಂಟ್ ಇರಲಿಲ್ಲ. ಹೀಗಾಗಿ ಬೋರ್‌ವೆಲ್ ಪಂಪೂ ಇಲ್ಲ, ನಾಣ್ಯ ಹಾಕಿ ಕೊಡ ತುಂಬುವ ಶುದ್ಧ ನೀರಿನ ಘಟಕವೂ ಇಲ್ಲ. ಕೈಪಂಪು ನೀರಿನಡಿ ಮುಳುಗಿತ್ತು. ಪಾಯಖಾನೆ ಗುಂಡಿ, ತಿಪ್ಪೆ, ಸತ್ತ ದನ ಎಲ್ಲ ಅದೇ ನೀರಿನಲ್ಲಿ. ಟ್ಯಾಂಕರ್ ಬರುವವರೆಗೆ ಹುಡುಗರು ಬಾಟಲಿ ಫಿಲ್ಟರ್ ಮಾಡಿಕೊಂಡು ಕೂತರು. ಕಾಸಿ ಕುಡಿಯಿರಿ ಅಂದೆ. ಆಗ ಒಂದು ಹುಡುಗಿ ಕೇಳಿದಳು: "ಕಾಕಾ, ನೀರು ತಿಳಿ ಐತಲ್ರೀ, ಮತ್ತ್ಯಾಕ ಕಾಸಬೇಕು?" ಒಲೆಗೆ ಒಣ ಕಟ್ಟಿಗೆ ಕೂಡ ಇರಲಿಲ್ಲ. ಕೇಂದ್ರದಲ್ಲಿ ವಾಂತಿ-ಭೇದಿ ಶುರುವಾಗಲು ಜಾಸ್ತಿ ಹೊತ್ತು ಹಿಡಿಯಲಿಲ್ಲ.

ಆ ಹುಡುಗಿಯ ಪ್ರಶ್ನೆ ನ್ಯಾಯವಾದದ್ದು. ಕಣ್ಣಿಗೆ ಕಾಣುವ ಕೆಸರು ಹೋದ ಮೇಲೆ ಇನ್ನೇನು ಉಳಿಯಿತು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಭೇದಿ ತರುವ ಬ್ಯಾಕ್ಟೀರಿಯಾ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಚಿಕ್ಕದು. ಕಾಮಾಲೆ ತರುವ ವೈರಸ್ ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಹೊಸದಾಗಿ ತುಂಬಿದ ಉಸುಕಿನ ಸಂದುಗಳು ಇವಕ್ಕೆ ದೊಡ್ಡ ರಸ್ತೆ ಇದ್ದ ಹಾಗೆ. ಇದ್ದಿಲು ವಾಸನೆ, ಬಣ್ಣ ಸ್ವಲ್ಪ ಹೀರಿಕೊಳ್ಳುತ್ತದೆ ನಿಜ. ಆದರೆ ಅಂಗಡಿಯ ಫಿಲ್ಟರಿನಲ್ಲಿರುವ ಇದ್ದಿಲನ್ನು ಅದಕ್ಕಾಗಿಯೇ ಜಾಸ್ತಿ ಶಾಖದಲ್ಲಿ ತಯಾರು ಮಾಡಿರುತ್ತಾರೆ. ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ. ಬದಲಿಸದೇ ಬಿಟ್ಟರೆ ಅದರಲ್ಲೇ ರೋಗಾಣು ಬೆಳೆಯುತ್ತವೆ.

ಹಾಗಾದರೆ ಉಸುಕಿನಿಂದ ನೀರು ಶುದ್ಧವಾಗುವುದೇ ಇಲ್ಲವೇ? ಆಗುತ್ತದೆ. ಅದಕ್ಕೆ ಹೊತ್ತು ಬೇಕು. ಉಸುಕಿನ ಮೇಲೆ ಯಾವಾಗಲೂ ನೀರು ನಿಂತಿರಬೇಕು, ಮತ್ತು ನೀರು ಬಹಳ ನಿಧಾನವಾಗಿ ಇಳಿಯಬೇಕು. ಹೀಗೆ ದಿನಾ ನೀರು ಹಾಕುತ್ತ ಹೋದರೆ ಉಸುಕಿನ ಮೇಲ್ಭಾಗದಲ್ಲಿ ಸಣ್ಣ ಜೀವಿಗಳ ಒಂದು ತೆಳುವಾದ ಪದರ ಕಟ್ಟುತ್ತದೆ. ನಾವು ಅದನ್ನು ಜೀವಪದರ ಅನ್ನುತ್ತೇವೆ. ಹೊಸ ನೀರಿನ ಜೊತೆ ಬರುವ ರೋಗಾಣುಗಳನ್ನು ಅದು ಹಿಡಿಯುತ್ತದೆ, ತಿನ್ನುತ್ತದೆ. ಪದರ ಬಲಿಯಲು ಎರಡು ವಾರದಿಂದ ಒಂದು ತಿಂಗಳು ಬೇಕು. ನೆರೆ ಬಂದ ದಿನ ಬಾಟಲಿಯಲ್ಲಿ ಉಸುಕು ತುಂಬಿದರೆ ಈ ಪದರ ಎಲ್ಲಿಂದ ಬರಬೇಕು?

ಇದು ಹೊಸ ವಿಷಯ ಏನಲ್ಲ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಊರಿಗೆ ಕಾಲರಾ ಬಂದು ಎಂಟು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಪಕ್ಕಕ್ಕೆ ಹತ್ತಿಕೊಂಡೇ ಆಲ್ಟೋನಾ ಅನ್ನುವ ಊರು. ಎರಡೂ ಊರು ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಆಲ್ಟೋನಾದವರು ನೀರು ತೆಗೆಯುತ್ತಿದ್ದದ್ದು ಹ್ಯಾಂಬರ್ಗಿನ ಕೆಳಗಡೆ. ಅಂದರೆ ಆ ಊರಿನ ಹೊಲಸೆಲ್ಲ ಸೇರಿದ ಮೇಲಿನ ನೀರು. ಆದರೂ ಅಲ್ಲಿ ಕಾಲರಾ ಹಾಗೆ ಹಬ್ಬಲಿಲ್ಲ. ಅವರು ನೀರನ್ನು ಉಸುಕಿನ ಹಾಸಿನಲ್ಲಿ ನಿಧಾನ ಸೋಸಿ ಊರಿಗೆ ಬಿಡುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ. ಎರಡೂ ಊರಿನ ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಿಗೆ ಕಾಲರಾ ಬಂತು, ಎದುರು ಬದಿಯ ಮನೆಗಳಿಗೆ ಬರಲಿಲ್ಲ. ತರಬೇತಿಯಲ್ಲಿ ಈ ಮಾತು ಕೇಳಿದ ದಿನದಿಂದ ಉಸುಕಿನ ಮೇಲೆ ನನಗೆ ಬೇರೆಯೇ ಗೌರವ ಬಂತು.

ಊರಿಗೆಲ್ಲ ಸಾಕಾಗುವ ಆ ಹಾಸನ್ನು ಮನೆಯ ಮಟ್ಟಕ್ಕೆ ಇಳಿಸಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಂಜ್. 1990ರ ದಶಕದಲ್ಲಿ ಅವರು ಮಾಡಿದ ನಮೂನೆಯನ್ನೇ ನಾನು ಕಟ್ಟುವುದು. ಮೂರು ಅಡಿ ಎತ್ತರದ ಕಾಂಕ್ರೀಟ್ ಪೆಟ್ಟಿಗೆ, ಒಳಗೆ ಒಂದು ಅಡಿಗೂ ಕಡಿಮೆ ಚೌಕ. ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ಎರಡು ಪಾಲು ಸಣ್ಣ ಖಡಿ. ಅರ್ಧ ಚೀಲ ಸಿಮೆಂಟೂ ಹಿಡಿಯುವುದಿಲ್ಲ. ಕಬ್ಬಿಣದ ಅಚ್ಚು ಒಂದು ಸಲ ವೆಲ್ಡಿಂಗ್ ಮಾಡಿಸಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಪೆಟ್ಟಿಗೆಯ ತಳದಿಂದ ಒಂದು ಸಣ್ಣ ಪೈಪು ಗೋಡೆಯೊಳಗೇ ಮೇಲೇರಿ ಹೊರಗೆ ಬಾಗಿರುತ್ತದೆ. ಆ ಪೈಪಿನ ಬಾಯಿ ಒಳಗಿನ ಉಸುಕಿನ ಮಟ್ಟಕ್ಕಿಂತ ಸರಿಯಾಗಿ ಐದು ಸೆಂಟಿಮೀಟರ್ ಮೇಲೆ ಇರಬೇಕು. ನೀರು ಹರಿದು ನಿಂತ ಮೇಲೂ ಉಸುಕಿನ ಮೇಲೆ ಅಷ್ಟು ನೀರು ಉಳಿಯುವುದು ಇದರಿಂದಲೇ. ನೀರು ಕಡಿಮೆಯಾದರೆ ಪದರ ಒಣಗಿ ಸಾಯುತ್ತದೆ. ಜಾಸ್ತಿ ನಿಂತರೆ ಅದಕ್ಕೆ ಗಾಳಿ ಮುಟ್ಟುವುದಿಲ್ಲ. ಕೆಲವರು ಅನುಕೂಲಕ್ಕೆ ಅಂತ ಪೈಪಿಗೆ ನಳ ಕೂರಿಸುತ್ತಾರೆ, ಇಲ್ಲವೇ ರಬ್ಬರ್ ಪೈಪು ಸಿಕ್ಕಿಸಿ ಕೆಳಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೈಪು ಕೆಳಗೆ ಬಿಟ್ಟರೆ ಒಳಗಿನ ನೀರನ್ನೆಲ್ಲ ಎಳೆದು ಉಸುಕನ್ನು ಬರಿದು ಮಾಡುತ್ತದೆ.

ಉಸುಕಿನ ವಿಷಯದಲ್ಲಿ ಅವಸರ ಮಾಡುವ ಹಾಗಿಲ್ಲ. ಹೊಳೆ ಉಸುಕಿನಲ್ಲಿ ಮಣ್ಣು, ಬೇರು, ದನದ ಹೊಲಸು ಮೊದಲೇ ಸೇರಿರುತ್ತದೆ. ಕ್ರಷರಿನಲ್ಲಿ ಒಡೆದ ಕಲ್ಲು, ಖಡಿ ಪುಡಿ ಎಲ್ಲ ಸೇರಿದ್ದು, ಇದಕ್ಕೆ ಒಳ್ಳೆಯದು. ಅದನ್ನು ಸೋಸಿ ಮೂರು ಪಾಲು ಮಾಡಬೇಕು. ತಳಕ್ಕೆ 6ರಿಂದ 12 ಮಿಲಿಮೀಟರಿನ ಖಡಿ ಐದು ಸೆಂಟಿಮೀಟರ್. ಅದರ ಮೇಲೆ ದಪ್ಪ ಉಸುಕಿನಂಥ ಸಣ್ಣ ಖಡಿ ಮತ್ತೆ ಐದು ಸೆಂಟಿಮೀಟರ್. ಅದರ ಮೇಲೆ 0.7 ಮಿಲಿಮೀಟರಿನ ಸಾಣಿಗೆಯಲ್ಲಿ ಇಳಿದ ಸಣ್ಣ ಉಸುಕು, ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಖಡಿಯನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಸಣ್ಣ ಉಸುಕನ್ನು ಮಾತ್ರ ಅಷ್ಟು ತೊಳೆಯಬಾರದು. ಪಾರದರ್ಶಕ ಡಬ್ಬಿಯಲ್ಲಿ ಅರ್ಧ ಉಸುಕು, ಅರ್ಧ ನೀರು ಹಾಕಿ ಅಲುಗಾಡಿಸಿ ಕೆಳಗಿಡಿ. ಮೂರ್ನಾಲ್ಕು ಸೆಕೆಂಡಿನಲ್ಲಿ ಮೇಲಿನಿಂದ ನೋಡಿದರೆ ಉಸುಕು ಕಾಣಬೇಕು, ಆದರೆ ನೀರು ಸ್ವಲ್ಪ ಮಬ್ಬಾಗಿಯೇ ಇರಬೇಕು. ಪೂರ್ತಿ ತಿಳಿಯಾಯಿತು ಅಂದರೆ ಸಣ್ಣ ಪುಡಿಯೆಲ್ಲ ತೊಳೆದುಹೋಗಿದೆ, ನೀರು ಬೇಗ ಓಡುತ್ತದೆ.

ತುಂಬುವಾಗ ಮೊದಲು ಪೆಟ್ಟಿಗೆಗೆ ನೀರು, ಆಮೇಲೆ ಉಸುಕು. ಒಣ ಉಸುಕು ಸುರಿದು ಮೇಲೆ ನೀರು ಹಾಕಿದರೆ ನಡುನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಉಸುಕಿನ ಮೇಲೆ, ನಿಂತ ನೀರಿಗೆ ತಾಗದಂತೆ, ಸಣ್ಣ ತೂತುಗಳ ಒಂದು ತಟ್ಟೆ ಇಡಬೇಕು. ಅದಿಲ್ಲದಿದ್ದರೆ ಸುರಿದ ನೀರು ಪದರವನ್ನೇ ಕೊರೆದುಹಾಕುತ್ತದೆ. ಎಲ್ಲ ಆದ ಮೇಲೆ ಪೂರ್ತಿ ನೀರು ತುಂಬಿಸಿ ಒಂದು ಲೀಟರಿನ ಬಾಟಲಿ ಹಿಡಿದು ನೋಡಿ. ತುಂಬಲು ಎರಡೂವರೆ ನಿಮಿಷವಾದರೂ ಹಿಡಿಯಬೇಕು. ಅದಕ್ಕಿಂತ ಬೇಗ ತುಂಬಿದರೆ ಉಸುಕು ದಪ್ಪವಾಯಿತು, ತೆಗೆದು ಮತ್ತೆ ತುಂಬಿ. ಒಮ್ಮೆ ನೀರು ತುಂಬಿದ ಪೆಟ್ಟಿಗೆಯನ್ನು ಆಮೇಲೆ ಅಲ್ಲಿಂದ ಇಲ್ಲಿಗೆ ಜರುಗಿಸಬಾರದು.

ಕಟ್ಟುವುದು ನನ್ನಂಥವರ ಕೆಲಸ, ಕಾಂಕ್ರೀಟಿಗೆ ನೀರುಣಿಸಿ ಗಟ್ಟಿ ಮಾಡುವ ಒಂದು ವಾರದ ಕ್ಯೂರಿಂಗ್ ಸೇರಿ ಮುಗಿಯುತ್ತದೆ. ಕಾಪಾಡುವುದು ಮನೆಯವರ ಕೆಲಸ. ನಾನು ಕಟ್ಟಿದ ಪೆಟ್ಟಿಗೆಗಳು ಕೆಟ್ಟದ್ದು ಇಲ್ಲೇ. ದಿನಾ ನೀರು ಹಾಕಬೇಕು. ಒಂದು ಸಲ ಹಾಕಿದ ಹನ್ನೆರಡು ಲೀಟರ್ ಇಳಿದ ಮೇಲೆ ಕನಿಷ್ಠ ಒಂದು ತಾಸು ಬಿಡಬೇಕು. ಎರಡು ದಿನಕ್ಕಿಂತ ಜಾಸ್ತಿ ಹಾಗೇ ಬಿಡಬಾರದು, ಪದರಕ್ಕೆ ಉಪವಾಸ ಬೀಳುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ನಳದ ನೀರನ್ನು ಇದಕ್ಕೆ ಸುರಿಯಲೇಬಾರದು, ಅದು ರೋಗಾಣುವಿನ ಜೊತೆಗೆ ಪದರವನ್ನೂ ಕೊಲ್ಲುತ್ತದೆ. ಕ್ಲೋರಿನ್ ಏನಿದ್ದರೂ ಸೋಸಿದ ಮೇಲೆ. ಕೆಟ್ಟ ನೀರು ತರುವ ಕೊಡ ಬೇರೆ, ಸೋಸಿದ ನೀರು ಹಿಡಿಯುವ ಕೊಡ ಬೇರೆ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳಬೇಕು. ಹಿಡಿಯುವ ಕೊಡಕ್ಕೆ ಮುಚ್ಚಳ ಇರಲಿ. ಪೈಪಿನ ಬಾಯಿಯನ್ನು ಆಗಾಗ ಒರೆಸಿ.

ಒಂದು ದಿನ ನೀರು ಹನಿಹನಿಯಾಗಿ ಬರಲು ಶುರುವಾಗುತ್ತದೆ. ಗಾಬರಿ ಬೀಳಬೇಡಿ, ಮೇಲೆ ಕೆಸರು ಕೂತಿದೆ ಅಷ್ಟೇ. ತೂತಿನ ತಟ್ಟೆ ತೆಗೆದು, ಸ್ವಲ್ಪ ನೀರು ಹಾಕಿ, ಅಂಗೈಯಿಂದ ಉಸುಕಿನ ಮೇಲ್ಮೈಯನ್ನು ಮೆಲ್ಲಗೆ ಸುತ್ತು ತಿರುಗಿಸಿ. ಬೆರಳು ಒಳಗೆ ಇಳಿಸಬೇಡಿ. ಕದಡಿದ ನೀರನ್ನು ಲೋಟದಿಂದ ಎತ್ತಿ ಚೆಲ್ಲಿ, ಉಸುಕನ್ನು ಸಮ ಮಾಡಿ. ಹರಿವು ಮರಳುವ ತನಕ ಹೀಗೆ ಮಾಡಿ. ಇದಾದ ಮೇಲೆ ಪದರ ಮತ್ತೆ ಕಟ್ಟಬೇಕು. ಮೊಸರಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಇದಕ್ಕೂ ಕಾಯಬೇಕು. ಪೆಟ್ಟಿಗೆಗೆ ಹಾಕುವ ನೀರು ತೀರಾ ಕೆಸರಾಗಿದ್ದರೆ ಮೊದಲು ರಾತ್ರಿಯಿಡೀ ಕೊಡದಲ್ಲಿ ಬಿಟ್ಟು ತಿಳಿ ಮಾಡಿಕೊಳ್ಳಿ. ಪರೀಕ್ಷೆ ಸುಲಭ. ಎರಡು ಲೀಟರಿನ ಬಾಟಲಿಯಲ್ಲಿ ಆ ನೀರು ತುಂಬಿ ನಿಮ್ಮ ಪತ್ರಿಕೆಯ ದೊಡ್ಡ ತಲೆಬರಹದ ಮೇಲೆ ನಿಲ್ಲಿಸಿ, ಮೇಲಿನಿಂದ ಇಣುಕಿ ನೋಡಿ. ಅಕ್ಷರ ಕಂಡರೆ ಹಾಕಬಹುದು, ಕಾಣದಿದ್ದರೆ ಇನ್ನೂ ಬಿಡಬೇಕು.

ಇಷ್ಟೆಲ್ಲ ಮಾಡಿದರೂ ಸೋಸಿದ ನೀರನ್ನು ಕಾಸಿ, ಇಲ್ಲವೇ ಕ್ಲೋರಿನ್ ಹಾಕಿಯೇ ಕುಡಿಯಬೇಕು ಅನ್ನುತ್ತೇನೆ. ಬಲಿತ ಫಿಲ್ಟರ್ ಬ್ಯಾಕ್ಟೀರಿಯಾವನ್ನು ಬಹಳಷ್ಟು ತಡೆಯುತ್ತದೆ, ಜಂತಿನ ಮೊಟ್ಟೆಯಂಥ ದೊಡ್ಡದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ವೈರಸ್ ಮಾತ್ರ ಅಷ್ಟಿಷ್ಟು ನುಸುಳುತ್ತದೆ. ಹಾಗಾದರೆ ಫಿಲ್ಟರ್ ಯಾಕೆ, ಸುಮ್ನೆ ಕ್ಲೋರಿನ್ ಹಾಕಿದರಾಯಿತಲ್ಲ ಅಂತ ಕೇಳುವವರಿದ್ದಾರೆ. ಕೆಸರು ನೀರಿಗೆ ಹಾಕಿದ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ, ರೋಗಾಣು ಮುಟ್ಟುವಷ್ಟು ಉಳಿಯುವುದಿಲ್ಲ. ತಿಳಿನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕಾಗುತ್ತದೆ, ಹಾಕಿ ಒಂದು ತಾಸು ಬಿಡಬೇಕು. ಅರ್ಧ ಗ್ರಾಮಿನ ಕ್ಲೋರಿನ್ ಮಾತ್ರೆ ಇಪ್ಪತ್ತು ಲೀಟರಿಗೆ ಒಂದು. ಪೌಡರ್ ಹಳೆಯದಾದರೆ, ಚೀಲ ಬಿಚ್ಚಿಟ್ಟರೆ ಅದರ ಶಕ್ತಿ ಹೋಗುತ್ತದೆ. ಕಳೆದ ವರ್ಷದ ತೆರೆದ ಚೀಲವನ್ನು ನಂಬಬೇಡಿ.

ಇನ್ನು ಯಾವ ತಯಾರಿಯೂ ಇಲ್ಲದೆ ನೆರೆಯಲ್ಲಿ ಸಿಕ್ಕಿಕೊಂಡವರು ಏನು ಮಾಡಬೇಕು? ಮಳೆ ಬೀಳುತ್ತಿದ್ದರೆ ಹೊಳೆ ನೀರಿನ ಕಡೆ ಹೋಗಲೇಬೇಡಿ. ಸ್ವಚ್ಛ ತಾಡಪತ್ರಿ ಕಟ್ಟಿ, ಮೊದಲು ಬಿದ್ದ ನೀರು ಚೆಲ್ಲಿ, ಆಮೇಲಿನದನ್ನು ಹಿಡಿಯಿರಿ. ಅದೂ ಇಲ್ಲದಿದ್ದರೆ ಸಿಕ್ಕ ನೀರನ್ನು ಕೊಡದಲ್ಲಿ ಬಿಟ್ಟು ತಿಳಿ ಮಾಡಿ, ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ಸೋಸಿ. ಹಳೆಯದೇ ಬೇಕು, ತೊಳೆದು ತೊಳೆದು ಅದರ ನೂಲು ಉಬ್ಬಿ ಸಂದು ಸಣ್ಣದಾಗಿರುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಜೊತೆಯವರು ಇದನ್ನು ಪರೀಕ್ಷೆ ಮಾಡಿದರು. ಸೀರೆಯಲ್ಲಿ ಸೋಸಿದ ಮನೆಗಳಲ್ಲಿ ಕಾಲರಾ 48 ಶೇಕಡಾ ಕಡಿಮೆಯಾಯಿತು ಅಂತ 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣು ನೀರಿನ ಸಣ್ಣ ಹುಳಗಳಿಗೆ ಅಂಟಿಕೊಂಡಿರುತ್ತದೆ, ಆ ಹುಳಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಅರ್ಧ ಕಡಿಮೆಯಾಗುವುದೂ ದೊಡ್ಡದೇ. ಆದರೂ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ, ಅಥವಾ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸುವುದು ಬೇಕೇ ಬೇಕು. ಬಾಟಲಿ ಫಿಲ್ಟರ್ ಇದ್ದರೆ ಅದನ್ನೂ ಸೀರೆಯ ಜಾಗದಲ್ಲಿ, ಕೆಸರು ತೆಗೆಯಲು ಬಳಸಿ. ಅದರ ಕೆಲಸ ಅಷ್ಟೇ.

ಡೀಸೆಲ್, ಹೊಲದ ಔಷಧಿ ಬೆರೆತ ನೀರನ್ನು ಇವ್ಯಾವುವೂ ಸರಿ ಮಾಡುವುದಿಲ್ಲ. ಮುಂಡರಗಿ, ಕೊಪ್ಪಳ, ಪಾವಗಡದ ಕಡೆಯ ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡನ್ನೂ ಉಸುಕು ಹಿಡಿಯುವುದಿಲ್ಲ. ಕಾಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ. ಆ ಕಡೆಯವರು ನನ್ನ ಪತ್ರ ಓದಿ ಪೆಟ್ಟಿಗೆ ಕಟ್ಟಿಸಿಕೊಂಡು ಬೋರ್ ನೀರು ಹಾಕಿ ನಿಶ್ಚಿಂತೆ ಆಗಬಾರದು.

ಈಗ ನನ್ನ ಬೇಡಿಕೆ. ಹೊಳೆ ದಂಡೆಯ ಪ್ರತಿ ಪಂಚಾಯಿತಿಗೂ ನೆರೆ ಬಂದರೆ ಕಾಳಜಿ ಕೇಂದ್ರ ಎಲ್ಲಿ ತೆರೆಯಬೇಕು ಅನ್ನುವುದು ಗೊತ್ತಿದೆ. ಹೆಚ್ಚಿನ ಕಡೆ ಅದು ಎತ್ತರದ ಶಾಲೆ. ಆ ಶಾಲೆಗಳಲ್ಲಿ ಈಗಲೇ ಉಸುಕಿನ ಪೆಟ್ಟಿಗೆ ಕಟ್ಟಿಸಿ. ಕುಡಿಯಲು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಹಿಡಿದರೂ ನೂರು ಜನಕ್ಕೆ ಮುನ್ನೂರು ಲೀಟರ್. ಒಂದು ಪೆಟ್ಟಿಗೆಗೆ ನಡುವೆ ಬಿಡುವು ಕೊಟ್ಟು ಹಗಲಿಡೀ ನಡೆಸಿದರೆ ಎಪ್ಪತ್ತು ಲೀಟರ್ ಮುಟ್ಟುವುದು ಕಷ್ಟ. ಅಂದರೆ ನೂರು ಜನದ ಕೇಂದ್ರಕ್ಕೆ ಐದು ಪೆಟ್ಟಿಗೆ ಬೇಕು. ಕರೆಂಟ್ ಬೇಡ, ಬಿಡಿಭಾಗ ಬೇಡ. ನೆರೆ ಇಲ್ಲದ ದಿನಗಳಲ್ಲಿ ಮಕ್ಕಳು ಬಾವಿ ನೀರು ಹಾಕುತ್ತಿದ್ದರೆ ಪದರ ಜೀವಂತ ಇರುತ್ತದೆ. ವಿಜ್ಞಾನದ ಪಾಠವೂ ಆಯಿತು. ಏಪ್ರಿಲ್, ಮೇ ರಜೆಯಲ್ಲಿ ಶಾಲೆ ಮುಚ್ಚಿದಾಗ ಪೆಟ್ಟಿಗೆ ಒಣಗುವುದೇ ದೊಡ್ಡ ತೊಂದರೆ. ರಜೆಯಲ್ಲಿ ದಿನಾ ಎರಡು ಕೊಡ ನೀರು ಹಾಕುವ ಜವಾಬ್ದಾರಿಯನ್ನು ಪಂಚಾಯಿತಿಯ ನೀರುಗಂಟಿಗೆ ವಹಿಸಿ. ಅದಾಗದಿದ್ದರೆ ಶಾಲೆ ಶುರುವಾದ ವಾರದಲ್ಲೇ ನೀರು ಹಾಕಲು ಆರಂಭಿಸಿ. ಜುಲೈ ಹೊತ್ತಿಗೆ ಪದರ ಬಲಿತಿರುತ್ತದೆ, ನಮ್ಮ ಹೊಳೆಗೆ ಆಗಸ್ಟ್ ತಾನೇ ದೊಡ್ಡ ಭಯ. ನೀರು ಸರಿಯಾಗಿ ಬರುತ್ತಿದೆಯೇ ಅಂತ ನೋಡಲು ಜಲ ಜೀವನ ಮಿಷನ್ನಿನಿಂದ ಪಂಚಾಯಿತಿಗೆ ಬಂದ ಪರೀಕ್ಷಾ ಕಿಟ್ ಇದೆ. ಅದರ ಚಿಕ್ಕ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ, ಹೊಲಸು ಸೇರಿದ್ದರೆ ನೀರು ಕಪ್ಪಗಾಗುತ್ತದೆ. ಆ ಕಿಟ್ಟನ್ನು ಕಪಾಟಿನಿಂದ ಹೊರಗೆ ತೆಗೆಯಿರಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ಬಾಟಲಿ ಫಿಲ್ಟರಿನ ಚಿತ್ರ ಹಾಕಿದರೆ ಅದರ ಕೆಳಗೆ 'ಸೋಸಿದ ಮೇಲೆ ಕಾಸಿಯೇ ಕುಡಿಯಿರಿ' ಅಂತ ದಪ್ಪ ಅಕ್ಷರದಲ್ಲಿ ಹಾಕಿ.

ನಮ್ಮ ತಾಲ್ಲೂಕಿನ ಯಾವ ಪಂಚಾಯಿತಿ, ಯಾವ ಶಾಲೆಯವರು ಕರೆದರೂ ಅಚ್ಚು ತೆಗೆದುಕೊಂಡು ಬರುತ್ತೇನೆ. ಸಿಮೆಂಟು, ಉಸುಕು, ಖಡಿ ನೀವು ತರಿಸಿಡಿ. ಕೂಲಿ ಬೇಡ. ಕಟ್ಟುವಾಗ ಊರಿನ ಇಬ್ಬರು ಹುಡುಗರು, ಇಬ್ಬರು ಹೆಣ್ಣುಮಕ್ಕಳು ಜೊತೆಗಿದ್ದು ಕಲಿಯಬೇಕು, ಅಷ್ಟೇ ನನ್ನ ಷರತ್ತು. ನನ್ನ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ಕೇಳಿದವರಿಗೆ ಕೊಡಿ.

ಇಂತಿ,
ಮಲಪ್ರಭಾ ದಂಡೆಯ ಒಬ್ಬ ಗೌಂಡಿ,
ರಾಮದುರ್ಗ ತಾಲ್ಲೂಕು, ಬೆಳಗಾವಿ ಜಿಲ್ಲೆ